ಬೆರಳಿನ ಎಲುಬಿನ ಟಿಬಿ: ಗುಳಿಗೆಗೂ ಮೊದಲು ಎರಡು ಬಾಟಲಿ

ಓದುಗರ ಪ್ರಶ್ನೆ

“ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನನಗ 44 ವರ್ಷ. ಗುಳೇದಗುಡ್ಡದಾಗ ಸಣ್ಣಾವಿದ್ದಾಗಿಂದ ಖಣ ನೇಯ್ತೀನ್ರಿ. ಎಂಟು ತಿಂಗಳ ಹಿಂದ ಬಲಗೈ ನಡುಬೆರಳು ಬುಡದಾಗ ಬಾತುಕೊಂತು. ಲಾಳಿ ಹಗ್ಗ ಜಗ್ಗಿ ಜಗ್ಗಿ ಉಳುಕಿರಬೇಕು ಅಂತ ಸುಮ್ಮನಾದೆ. ಕೆಂಪಾಗಿಲ್ಲ, ಬಿಸಿ ಇಲ್ಲ, ನೋವೂ ಅಂಥಾದ್ದೇನಿಲ್ಲ. ರಾತ್ರಿ ಅಷ್ಟ ಸೆಳೀತೈತಿ. ಎಲುಬು ಕಟ್ಟೋರ ಕಡೆ ಮೂರು ಸಲ ಕಟ್ಟಿಸಿದ್ವಿ. ಆಮ್ಯಾಲ ಒಬ್ಬ ಡಾಕ್ಟರು ಹತ್ತು ದಿನದ ಗುಳಿಗಿ ಕೊಟ್ರು, ಸ್ವಲ್ಪ ಇಳೀತು, ಮತ್ತ ಅಷ್ಟಕ್ಕ ಬಂತು. ಈಗ ಎಕ್ಸ್‌ರೇದಾಗ ಎಲುಬು ಉಬ್ಬಿ ಒಳಗ ಪೊಳ್ಳಾಗೇತಿ ಅಂದಾರ. ಇಎಸ್‌ಆರ್ 58, ಟಿಬಿ ಗೋಲ್ಡ್ ಪಾಸಿಟಿವ್, ಸಕ್ಕರಿ 240. ತೂಕ 58 ಇತ್ತು, ಈಗ 52. ಒಬ್ಬ ಡಾಕ್ಟರು ಇವತ್ತಿಂದನ ಟಿಬಿ ಗುಳಿಗಿ ಶುರು ಮಾಡು ಅಂತಾರ. ಇನ್ನೊಬ್ಬರು ಗಡ್ಡಿ ಇರಬಹುದು, ಬೆರಳು ತಗಿಸೋದು ಛಲೋ ಅಂತಾರ. ನನಗ ಕೆಮ್ಮಿಲ್ಲ, ಕಫ ಇಲ್ಲ. ಬೆರಳಿಗೆ ಟಿಬಿ ಹ್ಯಾಂಗ ಬರತೈತಿ? ತುಣುಕು ತಗದ್ರ ಮೈತುಂಬ ಹರಡತೈತಿ ಅಂತ ಓಣ್ಯಾಗ ಹೇಳ್ತಾರ. ಮಗಳಿಗೆ ವರ ನೋಡಾಕತ್ತೀವಿ. ಮನ್ಯಾಗ ನನ್ನ ಗಂಗಾಳ, ಚರಗಿ ಬ್ಯಾರೆ ಇಟ್ಟಾರ. ಬೆರಳು ಹೋದ್ರ ಮಗ್ಗ ಹೋದಂಗ. ಏನು ಮಾಡ್ಲಿ?”

ಉತ್ತರ

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಅಂಜಿಕೆ ಒಂದೇ: ಬೆರಳು ಹೋದರೆ ಮಗ್ಗ ಹೋಗುತ್ತದೆ. ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ. ನೀವು ಬರೆದ ಲಕ್ಷಣಗಳು ಟಿಬಿಗೆ ಹೊಂದುತ್ತವೆ. ಅದು ಟಿಬಿಯೇ ಆಗಿದ್ದರೆ ಬೆರಳು ತೆಗೆಸುವ ಪ್ರಸಂಗ ಬಹಳ ಅಪರೂಪ, ಹೆಚ್ಚಿನವರಿಗೆ ಗುಳಿಗೆಯಲ್ಲೇ ವಾಸಿಯಾಗುತ್ತದೆ. ಟಿಬಿ ಅಲ್ಲದೆ ಗಡ್ಡೆಯೇ ಆಗಿದ್ದರೂ, ಕೈಯೆಲುಬುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಗಡ್ಡೆ ಕ್ಯಾನ್ಸರ್ ಅಲ್ಲ. ಅದನ್ನು ಕೆರೆದು ತೆಗೆದರೆ ಬೆರಳು ಉಳಿಯುತ್ತದೆ. ಇವೆರಡರಲ್ಲಿ ನಿಮ್ಮದು ಯಾವುದು ಎಂದು ಪತ್ರ ಓದಿ ನಾನು ಹೇಳಲಾರೆ. ಎಕ್ಸ್‌ರೇ ಒಂದನ್ನೇ ನೋಡಿ ಯಾರೂ ಹೇಳಲಾರರು. ನೀವು ಕಂಡ ಇಬ್ಬರು ಡಾಕ್ಟರುಗಳೂ ನಡುವಿನ ಒಂದು ಮೆಟ್ಟಿಲು ಬಿಟ್ಟು ದಾಟಿದ್ದಾರೆ. ಆ ಮೆಟ್ಟಿಲು ಬಯಾಪ್ಸಿ, ಅಂದರೆ ಎಲುಬಿನ ತುಣುಕು ತೆಗೆದು ಪರೀಕ್ಷೆ ಮಾಡುವುದು. ಗುಳಿಗೆಯೂ ಬೇಡ, ಕತ್ತರಿಯೂ ಬೇಡ, ಮೊದಲು ಅದಾಗಲಿ.

ಕೆಮ್ಮೇ ಇಲ್ಲದವರಿಗೆ ಬೆರಳಲ್ಲಿ ಟಿಬಿ ಹೇಗೆ ಎಂದು ಕೇಳಿದ್ದೀರಿ. ರೋಗಾಣು ಒಳಗೆ ಬರುವುದು ಉಸಿರಿನ ದಾರಿಯಲ್ಲೇ. ಎಂದೋ ಒಮ್ಮೆ, ಬಸ್ಸಿನಲ್ಲೋ ಮನೆಯಲ್ಲೋ, ಟಿಬಿ ಇದ್ದು ಕೆಮ್ಮುವವರ ಹತ್ತಿರ ಕೂತಾಗ ಒಳಸೇರಿದ್ದು ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ದೂರದ ಎಲುಬಿನಲ್ಲಿ ಹೋಗಿ ಕೂತಿರುತ್ತದೆ. ದೇಹ ಅದರ ಸುತ್ತ ಗೋಡೆ ಕಟ್ಟಿ ಮಲಗಿಸುತ್ತದೆ. ನಮ್ಮ ದೇಶದಲ್ಲಿ 15 ವರ್ಷ ದಾಟಿದ ಸುಮಾರು ಮೂವರಲ್ಲಿ ಒಬ್ಬರ ಮೈಯಲ್ಲಿ ಹೀಗೆ ಮಲಗಿದ ಟಿಬಿ ಇದೆ. ಅದು ಎದ್ದು ರೋಗವಾಗುವುದು ಜೀವಮಾನದಲ್ಲಿ ಅಂಥ 100 ಜನರ ಪೈಕಿ 5ರಿಂದ 10 ಜನರಿಗೆ ಮಾತ್ರ. ಗೋಡೆ ಸಡಿಲಾದಾಗ ಏಳುತ್ತದೆ: ಹೊಟ್ಟೆಗೆ ಸಾಲದಾದಾಗ, ಎಚ್‌ಐವಿ ಇದ್ದಾಗ, ಸ್ಟಿರಾಯ್ಡ್ ಬಹಳ ದಿನ ತೆಗೆದುಕೊಂಡಾಗ, ಸಕ್ಕರೆ ಕಾಯಿಲೆ ಹಿಡಿತ ತಪ್ಪಿದಾಗ. ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎಕ್ಸ್‌ರೇ ಮಾತಲ್ಲ, ನಿಮ್ಮ 240ರ ಸಕ್ಕರೆ. ಅದನ್ನು ನೀವು ನಡುವೆ ಎಲ್ಲೋ ಸೇರಿಸಿ ಮುಂದೆ ಹೋಗಿದ್ದೀರಿ. ಬೆರಳಿಗಿಂತ ಅದು ಸಣ್ಣ ವಿಷಯವಲ್ಲ.

ಎಲುಬಿನ ಟಿಬಿ ಇರುವವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಶ್ವಾಸಕೋಶದಲ್ಲಿ ಸಕ್ರಿಯ ರೋಗ ಸಿಗುವುದಿಲ್ಲ. ಕೆಮ್ಮಿಲ್ಲ ಅಂದಮಾತ್ರಕ್ಕೆ ಟಿಬಿ ಇಲ್ಲ ಅನ್ನುವಂತಿಲ್ಲ. ಲಾಳಿ ಹಗ್ಗದ ಮೇಲೂ ತಪ್ಪು ಹೊರಿಸಬೇಡಿ. ಬೆರಳು ಬಾತ ಪ್ರತಿಯೊಬ್ಬರೂ ಒಂದು ಪೆಟ್ಟನ್ನು ನೆನಪು ಮಾಡಿಕೊಂಡು ಬರುತ್ತಾರೆ: ಕಬ್ಬು ಕಡಿಯುವಾಗ ತಾಗಿದ್ದು, ಗಾಡಿ ಕಿಕ್ ಹೊಡೆಯುವಾಗ ಸಿಕ್ಕಿದ್ದು, ಕೊಡ ಎತ್ತುವಾಗ ಉಳುಕಿದ್ದು. ಉಳುಕು ಮೂರು ನಾಲ್ಕು ವಾರದಲ್ಲಿ ಇಳಿಯಬೇಕು. ಆರು ವಾರ ದಾಟಿಯೂ ಬಾವು ಹಾಗೇ ಇದ್ದರೆ, ಇಲ್ಲವೇ ಬೆಳೆಯುತ್ತಿದ್ದರೆ, ಅದು ಉಳುಕಲ್ಲ.

ಎಲುಬಿನ ಟಿಬಿಯಲ್ಲಿ ಅರ್ಧದಷ್ಟು ಬೆನ್ನೆಲುಬಿಗೇ ಬರುತ್ತದೆ. ಆಮೇಲೆ ಸೊಂಟದ ಕೀಲು, ಮೊಣಕಾಲು. ಕೈಬೆರಳಿನ ಪಾಲು ಬಹಳ ಚಿಕ್ಕದು. ಬೆರಳಿನ ಟಿಬಿಗೆ ಹಳೆಯ ವೈದ್ಯರು ‘ಸ್ಪೈನಾ ವೆಂಟೋಸಾ’ ಎಂದು ಲ್ಯಾಟಿನ್ ಹೆಸರಿಟ್ಟರು. ಗಾಳಿ ತುಂಬಿ ಉಬ್ಬಿದ ಎಲುಬು ಎಂದು ಅರ್ಥ. ಒಳಗೆ ರೋಗ ಎಲುಬನ್ನು ತಿನ್ನುತ್ತಾ ಬಂದಂತೆ ಹೊರಗಿನ ಪದರ ಹೊಸ ಎಲುಬು ಕಟ್ಟುತ್ತಾ ಹೋಗುತ್ತದೆ. ಕೊನೆಗೆ ಬೆರಳು ನೂಲು ತುಂಬಿದ ಕಂಡಿಕೆಯಂತೆ, ನಡುವೆ ದಪ್ಪ, ತುದಿಗೆ ಸಣ್ಣ ಆಗುತ್ತದೆ. ಇದು ಹೆಚ್ಚಾಗಿ ಚಿಕ್ಕ ಮಕ್ಕಳ ರೋಗ, ಏಕೆಂದರೆ ಆ ವಯಸ್ಸಿನಲ್ಲಿ ಬೆರಳೆಲುಬಿನ ಮಜ್ಜೆಗೆ ರಕ್ತದ ಹರಿವು ಜಾಸ್ತಿ. ಅವರಲ್ಲಿ ಒಂದಕ್ಕಿಂತ ಹೆಚ್ಚು ಎಲುಬು ಹಿಡಿಯುವುದೂ ಉಂಟು. ದೊಡ್ಡವರಲ್ಲಿ ಸಾಮಾನ್ಯವಾಗಿ ಒಂದೇ ಎಲುಬು. ಒಂದೇ ಆದದ್ದರಿಂದಲೇ ಗಡ್ಡೆಯ ಅನುಮಾನ ಬರುತ್ತದೆ. ನಿಮ್ಮ ಎರಡನೇ ಡಾಕ್ಟರಿಗೆ ಬಂದ ಅನುಮಾನ ತಪ್ಪಲ್ಲ. ಅನುಮಾನದ ಮೇಲೆ ಬೆರಳು ತೆಗೆಯೋಣ ಅಂದದ್ದು ತಪ್ಪು.

ಗುರುತು ಹಿಡಿಯಲು ತಡವಾಗುವುದಕ್ಕೆ ಕಾರಣ ಈ ರೋಗದ ಸ್ವಭಾವ. ಸಾಮಾನ್ಯ ಕೀವಿನ ಸೋಂಕು ಜೋರಾಗಿ ಬರುತ್ತದೆ: ಜ್ವರ, ಕೆಂಪು, ಬಿಸಿ, ನಿದ್ದೆಗೆಡಿಸುವ ನೋವು. ಮೂರನೇ ದಿನ ಮನುಷ್ಯ ದವಾಖಾನೆಯಲ್ಲಿರುತ್ತಾನೆ. ಟಿಬಿ ಹಾಗಲ್ಲ, ತಣ್ಣಗೆ ಬರುತ್ತದೆ. ಅದರ ಬಾವಿಗೆ ನಾವು ‘ತಣ್ಣನೆ ಬಾವು’ ಎಂದೇ ಹೇಳುವುದು. ತಿಂಗಳುಗಟ್ಟಲೆ ಮೆಲ್ಲಗೆ ದಪ್ಪವಾಗುತ್ತದೆ, ರಾತ್ರಿ ಸ್ವಲ್ಪ ಸೆಳೆಯುತ್ತದೆ, ಬೆಳಿಗ್ಗೆ ಕೆಲಸ ನಡೆಯುತ್ತದೆ. ಕೊನೆಗೊಂದು ದಿನ ಚರ್ಮ ತೂತಾಗಿ ನೀರಿನಂಥ ಕೀವು ಜಿನುಗಿದಾಗ ಎಲ್ಲರಿಗೂ ಗಾಬರಿ. ನೀವು ಆ ಹಂತಕ್ಕೆ ಹೋಗಿಲ್ಲ. ಎಂಟು ತಿಂಗಳು ಕಳೆದಿದ್ದರೂ ಇದು ಸಮಾಧಾನದ ಮಾತು.

ಹತ್ತು ದಿನದ ಗುಳಿಗೆಯಲ್ಲಿ ಸ್ವಲ್ಪ ಇಳಿಯಿತು ಅಂದಿದ್ದೀರಿ. ಆ ಚೀಟಿ ಇದ್ದರೆ ತೆಗೆದಿಡಿ. ಲಿವೊಫ್ಲಾಕ್ಸಾಸಿನ್, ಲಿನೆಝೋಲಿಡ್‌ನಂಥ ಆ್ಯಂಟಿಬಯಾಟಿಕ್‌ಗಳು ಟಿಬಿ ರೋಗಾಣುವಿನ ಮೇಲೂ ಕೆಲಸ ಮಾಡುತ್ತವೆ. ಹತ್ತು ದಿನ ಕೊಟ್ಟರೆ ರೋಗ ಸಾಯುವುದಿಲ್ಲ, ಮರೆಯಾಗುತ್ತದೆ. ಪರೀಕ್ಷೆ ಮಾಡಿದರೆ ಸಿಗುವುದಿಲ್ಲ. ಬಯಾಪ್ಸಿ ಮಾಡುವವರಿಗೆ ಆ ಗುಳಿಗೆ ಯಾವುದು, ಎಂದು ಮುಗಿಯಿತು ಎನ್ನುವುದು ಗೊತ್ತಾಗಲೇಬೇಕು. ಇನ್ನು ಮುಂದೆ ಬಯಾಪ್ಸಿ ಆಗುವ ತನಕ ಔಷಧಿ ಅಂಗಡಿಯಿಂದ ಕೇಳಿ ತಂದ ಯಾವ ಆ್ಯಂಟಿಬಯಾಟಿಕ್ಕೂ ಬೇಡ. ಬಾವಿಗೆ ಸೂಜಿ ಹಾಕುತ್ತೇನೆ ಎಂದು ಯಾರಾದರೂ ಸ್ಟಿರಾಯ್ಡ್ ತೆಗೆದರೆ ಕೈ ಹಿಂದೆಳೆದುಕೊಳ್ಳಿ. ಒಳಗಿರುವುದು ಟಿಬಿಯಾದರೆ ಆ ಸೂಜಿ ಉರಿಯುವ ಬೆಂಕಿಗೆ ತುಪ್ಪ. ಎಲುಬು ಕಟ್ಟುವವರ ವಿಷಯದಲ್ಲಿ ನನಗೆ ಸಿಟ್ಟಿಲ್ಲ, ನಮ್ಮ ಭಾಗದಲ್ಲಿ ಜನ ಮೊದಲು ಹೋಗುವುದೇ ಅಲ್ಲಿಗೆ. ಆದರೆ ಒಳಗೆ ಪೊಳ್ಳಾದ ಎಲುಬನ್ನು ತೀಡಿ ಜಗ್ಗಿದರೆ ಅದು ಮುರಿಯುತ್ತದೆ. ಬಿಗಿಯಾಗಿ ಕಟ್ಟಿದರೆ, ಸಕ್ಕರೆ ಕಾಯಿಲೆ ಇರುವವರ ಬೆರಳಿಗೆ ರಕ್ತ ಹರಿಯದೆ ಕಪ್ಪಾದದ್ದನ್ನೂ ನೋಡಿದ್ದೇನೆ.

ಈಗ ನಿಮ್ಮ ರಿಪೋರ್ಟುಗಳು. ಟಿಬಿ ಗೋಲ್ಡ್ ಪಾಸಿಟಿವ್ ಅಂದರೆ ಟಿಬಿ ರೋಗಾಣು ಎಂದೋ ನಿಮ್ಮ ಮೈ ಹೊಕ್ಕಿದೆ ಎಂದಷ್ಟೇ ಅರ್ಥ. ಮೂವರಲ್ಲಿ ಒಬ್ಬರಿಗೆ ಅದು ಪಾಸಿಟಿವ್ ಬರುವ ದೇಶದಲ್ಲಿ, ಬೆರಳಿನೊಳಗೆ ಇರುವುದು ಅದೇ ಎಂದು ಆ ಕಾಗದ ಹೇಳುವುದಿಲ್ಲ. ತೋಳಿಗೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯ ಕಥೆಯೂ ಇದೇ. ಇಎಸ್‌ಆರ್ 58 ಅಂದರೆ ಮೈಯಲ್ಲಿ ಎಲ್ಲೋ ಉರಿ ಇದೆ. ಎಲ್ಲಿ, ಏಕೆ ಎನ್ನುವುದು ಅದಕ್ಕೆ ಗೊತ್ತಿಲ್ಲ. ಮುಂದೆ ಚಿಕಿತ್ಸೆ ಹತ್ತುತ್ತಿದೆಯೋ ಇಲ್ಲವೋ ನೋಡಲು ಅದು ಉಪಯೋಗಕ್ಕೆ ಬರುತ್ತದೆ, ಹಾಗಾಗಿ ಕಾಗದ ಜೋಪಾನ. ರಕ್ತದಲ್ಲಿ ‘ಟಿಬಿ ಆ್ಯಂಟಿಬಾಡಿ’ ನೋಡುತ್ತೇವೆ ಅಂದರೆ ದುಡ್ಡು ಕೊಡಬೇಡಿ. ಆ ಪರೀಕ್ಷೆಗಳನ್ನು ಭಾರತ ಸರಕಾರ 2012ರಲ್ಲೇ ನಿಷೇಧಿಸಿದೆ.

ಎಕ್ಸ್‌ರೇ ಬಹಳಷ್ಟು ಹೇಳುತ್ತದೆ, ಕೊನೆಯ ಮಾತು ಹೇಳುವುದಿಲ್ಲ. ಎಲುಬು ಉಬ್ಬಿ ಪೊಳ್ಳಾಗಿ ಕಾಣಲು ಟಿಬಿಯೇ ಬೇಕಿಲ್ಲ. ಎನ್‌ಕಾಂಡ್ರೋಮಾ ಎಂಬ ಮೆಲ್ಲೆಲುಬಿನ ಗಡ್ಡೆಯೂ ಹಾಗೇ ಕಾಣುತ್ತದೆ. ನಾನು ಮೇಲೆ ಹೇಳಿದ, ಕೈಯೆಲುಬಿನಲ್ಲಿ ಅತಿ ಸಾಮಾನ್ಯವಾದ, ಕ್ಯಾನ್ಸರ್ ಅಲ್ಲದ ಗಡ್ಡೆ ಇದೇ. ಅದಿದ್ದವರ ಇಎಸ್‌ಆರ್ ಸಾಮಾನ್ಯವಾಗಿ ಸರಿಯಿರುತ್ತದೆ, ತೂಕ ಇಳಿಯುವುದಿಲ್ಲ, ಸುತ್ತಲಿನ ಮಾಂಸ ಬಾತಿರುವುದಿಲ್ಲ; ಎಷ್ಟೋ ಸಲ ಬೆರಳು ಮುರಿದ ಮೇಲೆಯೇ ಅದಿತ್ತೆಂದು ಗೊತ್ತಾಗುವುದು. ಜೈಂಟ್ ಸೆಲ್ ಗಡ್ಡೆ, ಹಳೆಯ ಕೀವಿನ ಸೋಂಕು, ಯೂರಿಕ್ ಆ್ಯಸಿಡ್ ಕೂಡಿದ ಗೌಟ್, ಸೋರಿಯಾಸಿಸ್ ಜೊತೆ ಬರುವ ಬೆರಳುಬಾವು, ಹೊಲದಲ್ಲಿ ಮುಳ್ಳು ಚುಚ್ಚಿ ಬರುವ ಶಿಲೀಂಧ್ರ ರೋಗ, ಇವೂ ಸಾಲಿನಲ್ಲಿವೆ. ನಿಮ್ಮ ತೂಕ ಆರು ಕಿಲೋ ಇಳಿದದ್ದು, ರಾತ್ರಿಯ ಸೆಳೆತ, ಇಎಸ್‌ಆರ್ ಎಲ್ಲ ಸೇರಿಸಿದರೆ ತಕ್ಕಡಿ ಟಿಬಿ ಕಡೆ ವಾಲುತ್ತದೆ. ತೂಕ ಇಳಿಯಲು ಸಕ್ಕರೆ ಕಾಯಿಲೆಯೊಂದೇ ಸಾಕು ಎನ್ನುವುದನ್ನೂ ಮರೆಯಬಾರದು. ವಾಲಿದ ತಕ್ಕಡಿ ನೋಡಿ ಒಂದು ವರ್ಷದ ಔಷಧ ಶುರು ಮಾಡಬಾರದು ಎನ್ನುವುದು ನನ್ನ ಮಾತು.

ಹೀಗೆ ಒತ್ತಿ ಹೇಳಲು ಕಾರಣ ಇದೆ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬ ರೈತನ ಕಿರುಬೆರಳಿನ ಎಲುಬು ತೆರೆದೆ. ಮೆಲ್ಲೆಲುಬಿನ ಗಡ್ಡೆ ಅಂದುಕೊಂಡಿದ್ದೆ. ಒಳಗೆ ಮೆಲ್ಲೆಲುಬು ಇರಲಿಲ್ಲ. ಒಡೆದ ಹಾಲಿನ ಗಷ್ಟಿನಂತೆ ಬಿಳಿ ಹಳದಿಯ ಮೆತ್ತನೆ ಪದಾರ್ಥ ಇತ್ತು. ಟಿಬಿಯೇ ಎಂದು ಕಣ್ಣಿಗೇ ಗೊತ್ತಾಯಿತು. ಕೆರೆದು ತೆಗೆದದ್ದನ್ನೆಲ್ಲ ರೂಢಿಯ ಪ್ರಕಾರ ಒಂದೇ ಬಾಟಲಿಗೆ, ತುಣುಕು ಕೆಡದಂತೆ ಇಡುವ ಫಾರ್ಮಾಲಿನ್ ದ್ರವಕ್ಕೆ ಹಾಕಿ ಕಳಿಸಿದೆ. ರಿಪೋರ್ಟು ಟಿಬಿ ಎಂದೇ ಬಂತು, ಗುಳಿಗೆ ಶುರುವಾಯಿತು. ನಾಲ್ಕು ತಿಂಗಳಾದರೂ ಗಾಯ ಒಣಗಲಿಲ್ಲ. ಯಾವ ಔಷಧಕ್ಕೆ ರೋಗಾಣು ಜಗ್ಗುತ್ತಿಲ್ಲ ಎಂದು ನೋಡಬೇಕೆಂದರೆ ಜೀವಂತ ರೋಗಾಣು ಬೇಕು, ಅದನ್ನು ನಾನೇ ಫಾರ್ಮಾಲಿನ್‌ನಲ್ಲಿ ಕೊಂದಿದ್ದೆ. ಅದೇ ಬೆರಳನ್ನು ಎರಡನೇ ಸಲ ತೆರೆಯಬೇಕಾಯಿತು. ಎರಡನೇ ತುಣುಕು ರಿಫಾಂಪಿಸಿನ್ ಎಂಬ ಮುಖ್ಯ ಟಿಬಿ ಔಷಧಕ್ಕೆ ಜಗ್ಗದ ಟಿಬಿ ಎಂದು ಹೇಳಿತು. ಆ ನಾಲ್ಕು ತಿಂಗಳಲ್ಲಿ ಪಕ್ಕದ ಕೀಲು ತಿಂದುಹೋಗಿ ಬೆರಳು ಕಾಯಂ ಸೆಟೆಯಿತು. ಅವತ್ತಿನಿಂದ ಇವತ್ತಿನ ತನಕ ಎಲುಬು ತೆರೆಯುವ ಮೊದಲು ನರ್ಸ್ ಕೈಯಲ್ಲಿ ಎರಡು ಬಾಟಲಿ ಇವೆಯೇ ಎಂದು ನೋಡದೆ ನಾನು ಕತ್ತಿ ಹಿಡಿದಿಲ್ಲ.

ಮೊದಲ ಬಾಟಲಿಯಲ್ಲಿ ಫಾರ್ಮಾಲಿನ್. ಅದು ಪೆಥಾಲಜಿಗೆ ಹೋಗುತ್ತದೆ. ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಟಿಬಿಯ ಗಂಟುಗಳು ಕಾಣುತ್ತವೆಯೋ, ಗಡ್ಡೆಯ ಕೋಶಗಳೋ ಎಂದು ನೋಡುತ್ತಾರೆ. ಎರಡನೆಯದರಲ್ಲಿ ಬರೀ ಸಲೈನ್. ಅದು ಮೈಕ್ರೊಬಯಾಲಜಿಗೆ. ಅಲ್ಲಿ ಮೂರು ಕೆಲಸ: ಬಣ್ಣ ಹಾಕಿ ರೋಗಾಣು ಹುಡುಕುವುದು, ಸಿಬಿನಾಟ್ ಇಲ್ಲವೇ ಟ್ರೂನಾಟ್ ಯಂತ್ರಕ್ಕೆ ಹಾಕುವುದು, ಕಲ್ಚರ್‌ಗೆ ಬಿತ್ತುವುದು. ಬೆರಳಿನಂಥ ಜಾಗದಲ್ಲಿ ರೋಗಾಣುಗಳು ಕಡಿಮೆ, ಹಾಗಾಗಿ ಬಣ್ಣದ ಪರೀಕ್ಷೆಯಲ್ಲಿ ಬಹಳ ಸಲ ಏನೂ ಸಿಗುವುದಿಲ್ಲ. ಸಿಬಿನಾಟ್ ಯಂತ್ರಕ್ಕೆ ಸುಮಾರು ಎರಡು ತಾಸು ಸಾಕು; ಟಿಬಿ ಇದೆಯೇ, ರಿಫಾಂಪಿಸಿನ್‌ಗೆ ಜಗ್ಗುತ್ತದೆಯೇ ಎರಡನ್ನೂ ಹೇಳುತ್ತದೆ. ಅದು ಇಲ್ಲ ಅಂದರೂ ಟಿಬಿ ಇಲ್ಲವೆಂದಲ್ಲ, ತುಣುಕಿನ ಆ ಭಾಗದಲ್ಲಿ ಸಿಗಲಿಲ್ಲ ಎಂದಷ್ಟೇ. ಕಲ್ಚರ್ ನಿಧಾನ, ದ್ರವದಲ್ಲಿ ಬೆಳೆಸಿದರೆ ಆರು ವಾರ ಹಿಡಿಯಬಹುದು, ಗಟ್ಟಿ ಮಾಧ್ಯಮದಲ್ಲಿ ಎಂಟು ವಾರ. ಆದರೆ ಎಲ್ಲ ಔಷಧಗಳ ಲೆಕ್ಕ ಕೊಡುವುದು ಅದೇ. ಅದೇ ಸಲೈನ್ ತುಣುಕಿನಿಂದ ಸಾಮಾನ್ಯ ಕೀವಿನ ರೋಗಾಣು ಮತ್ತು ಶಿಲೀಂಧ್ರವನ್ನೂ ನೋಡಿಸಬೇಕು. ನೀವು ಮಾಡಬೇಕಾದ್ದು ಇಷ್ಟೇ: ಆಪರೇಷನ್ ಹಿಂದಿನ ದಿನ ಡಾಕ್ಟರಿಗೆ “ಸರ್, ಸಲೈನ್‌ನಾಗ ಒಂದು ಬ್ಯಾರೆ ಬಾಟಲಿ ಕಳಸ್ತೀರೇನ್ರಿ?” ಎಂದು ಕೇಳಿ. ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ.

ತುಣುಕು ತೆಗೆದರೆ ಮೈತುಂಬ ಹರಡುತ್ತದೆ ಎಂಬ ಮಾತು ಗುಳೇದಗುಡ್ಡದ ಓಣಿಯಲ್ಲಷ್ಟೇ ಇಲ್ಲ, ಬೆಳಗಾವಿಯ ದೊಡ್ಡ ಮನೆಗಳಲ್ಲೂ ಕೇಳಿದ್ದೇನೆ. ಅದು ಸುಳ್ಳು. ಟಿಬಿ ಹರಡುವುದು ಬಯಾಪ್ಸಿಯಿಂದಲ್ಲ, ಚಿಕಿತ್ಸೆ ಇಲ್ಲದೆ ಬಿಟ್ಟಾಗ. ಈ ಅಂಜಿಕೆ ಹೇಗೆ ಹುಟ್ಟಿತು ಎಂದು ಊಹಿಸಬಲ್ಲೆ. ಹಿಂದೆ ಟಿಬಿ ಬಾವನ್ನು ಬರೀ ಕೊಯ್ದು ಬಿಡುತ್ತಿದ್ದರು, ಕೊಯ್ದ ಮೇಲೆ ಕೊಡಲು ಔಷಧ ಇರುತ್ತಿರಲಿಲ್ಲ. ಗಾಯ ಕೂಡದೆ ವರ್ಷಗಟ್ಟಲೆ ಸೋರುತ್ತಿತ್ತು. ಈಗ ಬಯಾಪ್ಸಿಯ ಬೆನ್ನಿಗೇ ಗುಳಿಗೆ ಶುರುವಾಗುತ್ತದೆ, ಗಾಯ ಒಣಗುತ್ತದೆ. ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. ತೆಳುವಾದ ಎಲುಬು ಮುರಿಯಬಹುದು, ಬೆರಳಿನ ಪಕ್ಕದ ನರಕ್ಕೆ ತಾಗಿ ಜೋಮು ಉಳಿಯಬಹುದು, ಸಕ್ಕರೆ ಇಳಿಸದೆ ಮಾಡಿದರೆ ಗಾಯ ನಂಜಾಗಬಹುದು. ಆದ್ದರಿಂದ ಕೈಯ ಆಪರೇಷನ್ ಬಲ್ಲವರ ಹತ್ತಿರ ಮಾಡಿಸಿ. ಒಂದು ವೇಳೆ ಕೆಟ್ಟ ಗಡ್ಡೆಯೇ ಆಗಿದ್ದರೆ ಮೊದಲ ಗಾಯ ಎಲ್ಲಿ ಹಾಕಿದರು ಎನ್ನುವುದೂ ಮುಂದಿನ ಆಪರೇಷನ್‌ಗೆ ಮುಖ್ಯವಾಗುತ್ತದೆ, ಹಾಗಾಗಿ ಬಯಾಪ್ಸಿ ಮಾಡುವವರು ಮುಂದಿನದನ್ನೂ ಮಾಡಬಲ್ಲವರಾಗಿರಬೇಕು. ಕೈಯಷ್ಟೇ ಮರಗಟ್ಟಿಸಿ ಮಾಡುವ ಕೆಲಸ ಇದು, ಹೆಚ್ಚಾಗಿ ಅದೇ ದಿನ ಮನೆಗೆ ಹೋಗಬಹುದು. ನಿಮ್ಮ ಎಲುಬಿನಲ್ಲಿ ದೊಡ್ಡ ಪೊಳ್ಳು ಇದ್ದರೆ ಬಯಾಪ್ಸಿ ಜೊತೆಗೇ ಒಳಗಿನ ಸತ್ತ ಪದಾರ್ಥವನ್ನು ಪೂರ್ತಿ ಕೆರೆದು ತೆಗೆಯಬಹುದು. ಎಲ್ಲರಿಗೂ ಅದು ಬೇಕಿಲ್ಲ. ಔಷಧ ಸರಿಯಾಗಿ ಹತ್ತಿದರೆ ಪೊಳ್ಳು ತಾನೇ ತುಂಬಿಕೊಳ್ಳುತ್ತದೆ.

ಬಯಾಪ್ಸಿ ಇಲ್ಲದೆ ನೇರ ಟಿಬಿ ಗುಳಿಗೆ ಕೊಡುವುದೇ ಇಲ್ಲವೇ? ಕೊಡುತ್ತೇವೆ. ಎರಡು ಸಲ ತುಣುಕು ತೆಗೆದರೂ ಉತ್ತರ ಸಿಗದಿದ್ದಾಗ, ರೋಗಿ ಆಪರೇಷನ್ ತಾಳಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಾಗ, ಶ್ವಾಸಕೋಶದ ಕಫದಲ್ಲೇ ಟಿಬಿ ಸಿಕ್ಕಿದಾಗ. ನೀವು ಇದ್ಯಾವುದರಲ್ಲೂ ಇಲ್ಲ. ಅಂದಾಜಿನ ಮೇಲೆ ಶುರು ಮಾಡಿದ ಗುಳಿಗೆ ಮೂರು ತಿಂಗಳಿಗೆ ಹತ್ತದಿದ್ದರೆ ಅಲ್ಲಿ ನಿಂತು ಏನು ತಿಳಿಯುವುದು? ರೋಗ ಬೇರೆಯೋ, ಔಷಧಕ್ಕೆ ಜಗ್ಗದ ಟಿಬಿಯೋ? ಆ ಹೊತ್ತಿಗೆ ಔಷಧ ತಿಂದ ಮೈಯಿಂದ ತೆಗೆದ ತುಣುಕೂ ಸರಿಯಾಗಿ ಬಾಯಿಬಿಡುವುದಿಲ್ಲ. ಬೆರಳು ತೆಗೆಯುವ ಮಾತು ಬರುವುದು ಕೆಟ್ಟ ಗಡ್ಡೆ ಎಂದು ಖಚಿತವಾದಾಗ, ಇಲ್ಲವೇ ಎಲುಬು, ಕೀಲು, ಸ್ನಾಯುವೆಲ್ಲ ತಿಂದುಹೋಗಿ ಉಳಿದ ಬೆರಳುಗಳಿಗೇ ಅಡ್ಡಿಯಾದಾಗ. ಇಷ್ಟು ವರ್ಷಗಳಲ್ಲಿ ಟಿಬಿಗಾಗಿ ಬೆರಳು ತೆಗೆಯಬೇಕಾಗಿ ಬಂದದ್ದು ನನಗೆ ಒಂದೇ ಸಲ.

ಟಿಬಿ ಎಂದು ಖಾತ್ರಿಯಾಗಿ, ಮಾಮೂಲಿ ಔಷಧಕ್ಕೆ ಜಗ್ಗುವ ರೋಗಾಣು ಎಂದಾದರೆ ಮುಂದಿನ ದಾರಿ ಉದ್ದ, ಆದರೆ ನೇರ. ಮೊದಲ ಎರಡು ತಿಂಗಳು ನಾಲ್ಕು ಔಷಧ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್. ಆಮೇಲೆ ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಎಲ್ಲ ಸೇರಿದ ಗುಳಿಗೆಯೇ ಸರಕಾರದಿಂದ ಉಚಿತವಾಗಿ ಸಿಗುತ್ತದೆ; 50ರಿಂದ 64 ಕಿಲೋ ತೂಕದವರಿಗೆ ದಿನಕ್ಕೆ ನಾಲ್ಕು ಗುಳಿಗೆ. ನೀವು ಈಗ 52 ಇದ್ದೀರಿ, ತೂಕ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಶ್ವಾಸಕೋಶದ ಟಿಬಿಗೆ ಆರು ತಿಂಗಳು ಸಾಕು, ಎಲುಬಿನದಕ್ಕೆ ಸಾಲದು. ಒಟ್ಟು 12ರಿಂದ 18 ತಿಂಗಳು, ಎಲ್ಲಿ ನಿಲ್ಲಿಸುವುದು ಎನ್ನುವುದು ಬೆರಳು ಹೇಗೆ ವಾಸಿಯಾಗುತ್ತದೆ ಎಂಬುದರ ಮೇಲೆ. ಹತ್ತಿರದವರ ಆರು ತಿಂಗಳ ಕೋರ್ಸ್ ನೋಡಿ ನಿಮ್ಮದನ್ನು ನಿಲ್ಲಿಸಬೇಡಿ. ಜಗ್ಗದ ರೋಗಾಣುವಾದರೆ ಔಷಧವೂ ಬೇರೆ, ಅವಧಿಯೂ ಬೇರೆ.

ಶುರುವಿನ ವಾರಗಳಲ್ಲಿ ಬಾವು ಇಳಿಯುವ ಬದಲು ಏರಬಹುದು. ಸಾಯುತ್ತಿರುವ ರೋಗಾಣುಗಳಿಗೆ ಮೈ ಕೆರಳುವುದರಿಂದ ಕೆಲವರಿಗೆ ಹಾಗಾಗುತ್ತದೆ. ಗುಳಿಗೆ ಬಿಡದೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಎಲುಬು ತುಂಬುವುದು ತಿಂಗಳುಗಳ ಮೇಲೆ ಕಾಣುತ್ತದೆ. ರಾತ್ರಿ ಸೆಳೆತ ನಿಂತಿತು, ತೂಕ ಏರಿತು, ಮುಷ್ಟಿ ಹಿಂದಿಗಿಂತ ಸ್ವಲ್ಪ ಹೆಚ್ಚು ಮಡಚಿತು ಎನ್ನುವುದನ್ನೇ ಮೊದಲ ಗುರುತು ಎಂದು ತಿಳಿಯಿರಿ.

ಔಷಧದ ತೊಂದರೆಗಳಲ್ಲಿ ನೇಕಾರರಾದ ನೀವು ಒಂದನ್ನು ನಮಗಿಂತ ಮೊದಲು ಹಿಡಿಯಬಲ್ಲಿರಿ. ಎಥಾಂಬ್ಯುಟಾಲ್ ಅಪರೂಪಕ್ಕೆ ಕಣ್ಣಿನ ನರಕ್ಕೆ ಪೆಟ್ಟು ಕೊಡುತ್ತದೆ, ಆಗ ಕೆಂಪು ಹಸಿರು ಕಲಸಿದಂತೆ ಕಾಣುತ್ತವೆ. ನೀವು ಅದನ್ನು ಒಂದು ವರ್ಷ, ಒಂದೂವರೆ ವರ್ಷ ತೆಗೆದುಕೊಳ್ಳಬೇಕು, ಹಾಗಾಗಿ ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಒಂದು ಕಣ್ಣು ಮುಚ್ಚಿ ಕೆಂಪು ನೂಲಿನ ಲಡಿ, ಹಸಿರು ನೂಲಿನ ಲಡಿ ಪಕ್ಕಪಕ್ಕ ಹಿಡಿದು ನೋಡಿ. ಆಮೇಲೆ ಇನ್ನೊಂದು ಕಣ್ಣು. ಬಣ್ಣ ಮಾಸಿದಂತೆ ಕಂಡರೆ, ನೋಟ ಮಂಜಾದರೆ ಅವತ್ತೇ ದವಾಖಾನೆಗೆ ಬನ್ನಿ. ಚಿಕಿತ್ಸೆ ಶುರುವಿನಲ್ಲೂ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅಂಜಬೇಡಿ, ಅದು ರಿಫಾಂಪಿಸಿನ್ ಬಣ್ಣ, ಮೊದಲ ದಿನದಿಂದಲೇ ಬರುತ್ತದೆ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಹತ್ತಿದರೆ ಅದು ಲಿವರ್ ತೊಂದರೆ. ಗುಳಿಗೆ ನಿಲ್ಲಿಸಿ ಕೂಡಲೇ ಬನ್ನಿ. ಸಾರಾಯಿ ಅಭ್ಯಾಸ ಇದ್ದರೆ ಈ ಅವಧಿಗೆ ಪೂರ್ತಿ ಬಿಡಲೇಬೇಕು. ಕೈಕಾಲು ಜೋಮು ಹಿಡಿಯದಿರಲು ಬಿ6 ಗುಳಿಗೆ ಜೊತೆಗೆ ಕೊಡುತ್ತಾರೆ. ಸಕ್ಕರೆ ಕಾಯಿಲೆ ಇರುವ ನಿಮಗೆ ಅದು ಬೇಕೇ ಬೇಕು. ರಿಫಾಂಪಿಸಿನ್ ಕೆಲವು ಸಕ್ಕರೆ ಗುಳಿಗೆಗಳ ಬಲ ಕಡಿಮೆ ಮಾಡುತ್ತದೆ, ಆದ್ದರಿಂದ ಸಕ್ಕರೆಯನ್ನು ಮತ್ತೆ ಮತ್ತೆ ನೋಡಿಸಬೇಕು, ಕೆಲವರಿಗೆ ಇನ್ಸುಲಿನ್ ಬೇಕಾಗುತ್ತದೆ. 240 ಇಳಿಯದೆ ಬೆರಳು ವಾಸಿಯಾಗುವುದಿಲ್ಲ. ಟಿಬಿ ಎಂದಾದವರಿಗೆಲ್ಲ ಮಾಡುವಂತೆ ನಿಮಗೂ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಅದನ್ನು ನಿಮ್ಮ ಮೇಲಿನ ಅನುಮಾನ ಎಂದು ತಿಳಿಯಬೇಡಿ.

ಮನೆಯ ಮಾತಿಗೆ ಬರೋಣ. ಗಂಗಾಳ, ಚರಗಿ ಒಳಗೆ ತೆಗೆದುಕೊಳ್ಳಿ. ಟಿಬಿ ತಾಟಿನಿಂದ, ಬಟ್ಟೆಯಿಂದ, ನೇಯ್ದ ಖಣದಿಂದ ಬರುವುದಿಲ್ಲ. ಅದು ಬರುವುದು ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದ ಗಾಳಿಯಿಂದ. ಆದ್ದರಿಂದ ಒಮ್ಮೆ ಎದೆಯ ಎಕ್ಸ್‌ರೇ, ಕಫ ಬಂದರೆ ಕಫ ಪರೀಕ್ಷೆ ಆಗಲಿ. ಅದು ಸ್ವಚ್ಛ ಇದ್ದರೆ ನಿಮ್ಮಿಂದ ಮನೆಯವರಿಗೆ ಉಸಿರಿನ ಮೂಲಕ ಅಪಾಯವಿಲ್ಲ. ಅಲ್ಲಿ ಏನಾದರೂ ಕಂಡರೆ ಮನೆಯವರೆಲ್ಲರ ತಪಾಸಣೆ ಆಗಬೇಕು. ಮುಂದೆ ಗಾಯ ಸೋರಿದರೆ ಪಟ್ಟಿಯನ್ನು ಬರಿಗೈಯಲ್ಲಿ ಮುಟ್ಟದೆ ಚೀಲಕ್ಕೆ ಕಟ್ಟಿ ಸುಡಿ, ಕೈ ಸೋಪಿನಿಂದ ತೊಳೆಯಿರಿ, ಅಷ್ಟು ಸಾಕು. ನಮ್ಮ ಹಿರಿಯರ ಕಾಲದಲ್ಲಿ ಟಿಬಿ ಬಂದರೆ ಸ್ಯಾನಟೋರಿಯಂಗೆ ಕಳಿಸುತ್ತಿದ್ದರು, ಬೇರೆ ಇಡುವ ರೂಢಿ ಅಲ್ಲಿಂದ ಬಂದದ್ದು. ಮದ್ರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಅಧ್ಯಯನ ಆ ರೂಢಿಯ ಬುಡ ಅಲ್ಲಾಡಿಸಿತು: ಶ್ವಾಸಕೋಶದ ಟಿಬಿ ಇದ್ದವರೇ ಮನೆಯಲ್ಲಿದ್ದು ಔಷಧ ತೆಗೆದುಕೊಂಡಾಗ ಸ್ಯಾನಟೋರಿಯಂನವರಷ್ಟೇ ವಾಸಿಯಾದರು, ಅವರಿಂದ ಮನೆಯವರಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. ಅವರಿಗೇ ಬೇಡವಾದದ್ದು ನಿಮ್ಮ ಬೆರಳಿಗೆ ಏಕೆ ಬೇಕು? ವರನ ಕಡೆಯವರು ಕೇಳಿದರೆ ಹೀಗೇ ಹೇಳಿ. ಇದು ವಂಶದಲ್ಲಿ ಬರುವ ರೋಗವಲ್ಲ, ಮಗಳಿಗೂ ಇದಕ್ಕೂ ಸಂಬಂಧವಿಲ್ಲ. ಮುಚ್ಚಿಡಲು ಹೋಗಿ ಗುಳಿಗೆ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮಗ್ಗದ ಕೆಲಸ ಸ್ವಲ್ಪ ದಿನ ಬದಲಾಗಬೇಕು. ಪೊಳ್ಳೆಲುಬಿನ ಬೆರಳಿನಿಂದ ಲಾಳಿ ಹಗ್ಗ ಜಗ್ಗಬೇಡಿ, ಎಲುಬು ತುಂಬಿದ್ದು ಎಕ್ಸ್‌ರೇಯಲ್ಲಿ ಕಾಣುವ ತನಕ. ಕಂಡಿಕೆ ಸುತ್ತುವಂಥ ಹಗುರ ಕೆಲಸಕ್ಕೆ ಅಡ್ಡಿಯಿಲ್ಲ. ಬಯಾಪ್ಸಿ ಆದ ಮೇಲೆ ಕೆಲವು ವಾರ ಬೆರಳಿಗೆ ಪಟ್ಟಿ ಹಾಕಿ ಹಿಡಿದಿಡುತ್ತಾರೆ; ಆಮೇಲೆ ದಿನವೂ ಮಡಚಿ ಬಿಡಿಸುವ ವ್ಯಾಯಾಮ. ನೋವಿಗೆ ಅಂಜಿ ತಿಂಗಳುಗಟ್ಟಲೆ ಸುತ್ತಿಟ್ಟರೆ ಟಿಬಿ ಹೋದರೂ ಬೆರಳು ಸೆಟೆದು ಉಳಿಯುತ್ತದೆ. ಬಿಸಿನೀರಲ್ಲಿ ಅದ್ದುವುದಾದರೆ ನೀರಿನ ಬಿಸಿಯನ್ನು ಮನೆಯವರು ಮುಟ್ಟಿ ನೋಡಲಿ, ಸಕ್ಕರೆ ಕಾಯಿಲೆಯಲ್ಲಿ ಚರ್ಮಕ್ಕೆ ಸುಟ್ಟದ್ದು ಗೊತ್ತಾಗದೆ ಹೋಗಬಹುದು. ರೋಗ ಪಕ್ಕದ ಕೀಲಿಗೆ ಹೋಗಿಲ್ಲವಾದರೆ ಬೆರಳು ಬಹುಪಾಲು ಮೊದಲಿನಂತೆ ಮಡಚುತ್ತದೆ. ಕೀಲಿಗೆ ಹೋಗಿದ್ದರೆ ಸ್ವಲ್ಪ ಬಿಗಿತ ಉಳಿಯುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೀಲಿನ ಸ್ಥಿತಿ ಎಕ್ಸ್‌ರೇಯಲ್ಲಿ ಸ್ಪಷ್ಟವಾಗದಿದ್ದರೆ ಎಂಆರ್‌ಐ ಮಾಡಿಸಬಹುದು.

ಹೋಗಬೇಕಾದದ್ದು ಈ ವಾರವೇ. ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ, ಇಲ್ಲವೇ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಯಾವುದಾದರೂ ಮೆಡಿಕಲ್ ಕಾಲೇಜಿನ ಎಲುಬು ಕೀಲಿನ ವಿಭಾಗಕ್ಕೆ. ಖಾಸಗಿಯಲ್ಲಿ ತೋರಿಸಿದರೂ ಟಿಬಿ ಎಂದಾದ ಕೂಡಲೇ ಸರಕಾರದ ನಿಕ್ಷಯ್ ದಾಖಲೆಯಲ್ಲಿ ಹೆಸರು ಸೇರಿಸಬೇಕು, ಅದು ಕಾನೂನು. ಹೆಸರು ಸೇರಿದರೆ ಗುಳಿಗೆ ಉಚಿತ, ಜೊತೆಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವ ತನಕ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಇದು 500 ಇತ್ತು. ಆ ದುಡ್ಡು ಮೊಟ್ಟೆ, ಕಾಳು, ಶೇಂಗಾ, ಹಾಲಿಗೆ ಹೋಗಲಿ. ಏನಾದರೂ ಅಡಚಣೆ ಬಂದರೆ 1800-11-6666ಕ್ಕೆ ಕರೆ ಮಾಡಿ, ಅದು ಟಿಬಿ ರೋಗಿಗಳಿಗೆಂದೇ ಇರುವ ಉಚಿತ ಸಂಖ್ಯೆ.

ಹೋಗುವಾಗ ಹಳೆಯ ಎಕ್ಸ್‌ರೇ, ಹತ್ತು ದಿನದ ಗುಳಿಗೆಯ ಚೀಟಿ, ಸಕ್ಕರೆ ರಿಪೋರ್ಟು ಇರಲಿ. ಇನ್ನೊಂದು: ನೀವು ಮಗ್ಗದಲ್ಲಿ ಕೂತು ಹಗ್ಗ ಹೇಗೆ ಹಿಡಿಯುತ್ತೀರಿ ಎನ್ನುವುದನ್ನು ಮಗಳ ಕಡೆಯಿಂದ ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿಸಿಕೊಳ್ಳಿ. ಬರೀ ಕೈ ಇಟ್ಟು ತೋರಿಸಿ ಸಾಕು, ಜಗ್ಗಬೇಡಿ. ಹಗ್ಗದ ಭಾರ ಯಾವ ಬೆರಳಿನ ಯಾವ ಗೆಣ್ಣಿಗೆ ಬೀಳುತ್ತದೆ ಎಂದು ಕಂಡರೆ ಡಾಕ್ಟರಿಗೆ ಗಾಯ ಬೆರಳಿನ ಯಾವ ಪಕ್ಕದಲ್ಲಿ ಹಾಕಬೇಕು, ಪಟ್ಟಿಯಲ್ಲಿ ಬೆರಳನ್ನು ಎಷ್ಟು ಮಡಚಿ ಇಡಬೇಕು ಎಂದು ತಿಳಿಯುತ್ತದೆ.